ಅರಗು ಒಡೆದ ಬೆಲ್ಲ

೧೯೩೩ರ ಏಪ್ರಿಲ್. ನಾನು ಆಗ ಪುಣೆಯಲ್ಲಿ ಬ್ಯಾರಿಸ್ಟರ್ ಮುದಕವಿಯವರ ಕೈಕೆಳಗೆ ಜೂನಿಯರ್ ವಕೀಲ. ಧಾರವಾಡದಿಂದ ಬಂದು ಎಂಟು ತಿಂಗಳಾಗಿತ್ತು. ಕರಿ ಕೋಟು ಹೊಸದು, ಅಹಂಕಾರ ಅದಕ್ಕಿಂತ ಹೊಸದು. ಮುದಕವಿಯವರು ಲಂಡನ್ನಿನಲ್ಲಿ ಓದಿದವರು. ಪರದೇಶದ ಪಕ್ಷಗಾರರಿರುವ ವ್ಯಾಜ್ಯವೆಂದರೆ ಅವರಿಗೆ ಹಬ್ಬದೂಟ. ಪುಣೆಯಲ್ಲಿ ಕೂತವರಿಗೆ ಅಂಥದು ವರ್ಷಕ್ಕೊಂದು ಬಂದರೆ ಪುಣ್ಯ. ಆ ವರ್ಷದ್ದು ಬೆಲ್ಲದ ರೂಪದಲ್ಲಿ ಬಂತು.

ನಮ್ಮ ಕಕ್ಷಿಗಾರ ವಿರೂಪಾಕ್ಷಪ್ಪ ಗೋಕಾಕ ಕಡೆಯವರು, ಬಾರಾಮತಿಯಲ್ಲಿ ನೆಲೆಸಿದ ಬೆಲ್ಲದ ವರ್ತಕರು. ತಂದೆಯ ಕಾಲದಿಂದ ಅವರ ಪ್ರತಿ ಅಚ್ಚಿನ ಮೇಲೂ ಬಸವನ ಮುದ್ರೆ ಇರುತ್ತಿತ್ತು. ಗೋವೆಯ ಮಡಗಾವಿಯ ವ್ಯಾಪಾರಿ ಕಾಯ್ತಾನ್ ಎಂಬಾತ ಒಂದು ವ್ಯಾಗನ್ ಬೆಲ್ಲ ತರಿಸಿಕೊಂಡು, ‘ಹುಳಿ, ಮರಳು, ಮನುಷ್ಯರ ಬಾಯಿಗೆ ಯೋಗ್ಯವಲ್ಲ’ ಎಂದು ಗಡಿಯಲ್ಲೇ ತಿರಸ್ಕರಿಸಿದ್ದ. ಬೆಳಗಾವಿಯಿಂದ ಮಡಗಾವಿ ಒಂದು ದಿನದ ದಾರಿಯಾದರೂ ಅದು ಪೋರ್ತುಗೀಜರ ನೆಲ, ಕಾಯದೆಯ ಕಣ್ಣಿಗೆ ಪರದೇಶ. ಯಾರ ಕೋರ್ಟಿಗೂ ಹೋಗುವುದು ಬೇಡವೆಂದು ಕರಾರಿನಲ್ಲಿ ಆರ್ಬಿಟ್ರೇಶನ್ ಬರೆದಿದ್ದರು. ಅಂದರೆ ಇಬ್ಬರೂ ಒಪ್ಪಿದ ಒಬ್ಬ ಮಧ್ಯಸ್ಥ ಹೇಳಿದ್ದೇ ಕೊನೆ. ಬೆಲ್ಲ ಕಲಬೆರಕೆಯೆಂದು ತೀರ್ಮಾನವಾದರೆ ಬಸವನ ಮುದ್ರೆಯನ್ನು ಮುಂದೆ ಬಳಸುವಂತಿಲ್ಲ ಎಂಬ ಕಲಮೂ ಅದರಲ್ಲಿತ್ತು.

“ರೊಕ್ಕ ಹೋದ್ರ ಹೋಗ್ಲಿ ಸಾಹೇಬ್ರ,” ಎಂದರು ವಿರೂಪಾಕ್ಷಪ್ಪ, “ಅಪ್ಪನ ಮುದ್ರಿ ಹೋತಂದ್ರ ನಾ ಪ್ಯಾಟ್ಯಾಗ ಮಾರಿ ಹ್ಯಾಂಗ ತೋರ್ಸ್ಲಿ?” ಆ ದೊಡ್ಡ ಮನುಷ್ಯ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಇದ್ದ ಸಾಕ್ಷ್ಯ ಒಂದೇ. ತಿರಸ್ಕರಿಸಿದ ಮಾಲಿನಿಂದ ಇಬ್ಬರೆದುರೂ ತೆಗೆದ ಎರಡು ಅಚ್ಚುಗಳನ್ನು ಡಬ್ಬಿಯಲ್ಲಿಟ್ಟು, ಅರಗಿನ ಮೇಲೆ ಕಾಯ್ತಾನ್‌ನ ಉಂಗುರದ ಮುದ್ರೆಯೊತ್ತಿ ನಮ್ಮ ಕಚೇರಿಗೆ ಕಳಿಸಿದ್ದರು. ಅದನ್ನು ಕಾಯುವುದು ನನ್ನ ಹೊಣೆ. ಮುದಕವಿ ಸಾಹೇಬರ ಮನೆಯಲ್ಲೇ ಇದ್ದ ಕಚೇರಿಯ ಕಪಾಟಿನಲ್ಲಿ ಇರುವೆಯ ಸಾಲು ಕಂಡಿತು. ಇಡೀ ಮನೆಯಲ್ಲಿ ಇರುವೆ ಹತ್ತದ ಜಾಗ ಒಂದೇ: ಒಳಗಿನ ಅಡುಗೆಮನೆಯಲ್ಲಿ, ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಊರಿ ನಿಂತ ತಿಂಡಿಯ ಕಪಾಟು. ಸಾಹೇಬರ ತಾಯಿ ತುಂಗಕ್ಕ ಮಧ್ಯಾಹ್ನ ಮಲಗಿದ್ದಾಗ ಡಬ್ಬಿಯನ್ನು ಅದರೊಳಗೆ ಹಿಂದಕ್ಕೆ ಸರಿಸಿಟ್ಟು ಬಂದೆ. ಅವರಿಗೆ ಹೇಳಲಿಲ್ಲ. ಅದು ಎಕ್ಸಿಬಿಟ್, ಯಾರೂ ಮುಟ್ಟಬಾರದ ಸಾಕ್ಷ್ಯವಸ್ತು ಎಂದು ಅಡುಗೆಮನೆಗೆ ವಿವರಿಸುವ ಅಗತ್ಯ ನನಗೆ ಕಾಣಲಿಲ್ಲ.

ವಿಚಾರಣೆಗೆ ಗೊತ್ತುಮಾಡಿದ್ದ ಸಭಾಂಗಣಕ್ಕೆ ಸುಣ್ಣ ಬಳಿಯುತ್ತಿದ್ದರು. ಎರಡೂ ಕಡೆಯವರು ಒಪ್ಪಿ, ವಿಚಾರಣೆ ನಮ್ಮ ಸಾಹೇಬರ ಪಡಸಾಲೆಯಲ್ಲೇ ನಡೆಯಿತು. ಮಧ್ಯಸ್ಥರು ಪುಣೆಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿದ್ದ ನಿವೃತ್ತ ಇಂಗ್ಲಿಷ್ ಜಡ್ಜ್. ಕಾಯ್ತಾನ್ ತನ್ನ ಗೋವೆಯ ವಕೀಲನೊಂದಿಗೆ ಬಂದಿದ್ದ, ವಿರೂಪಾಕ್ಷಪ್ಪ ನಮ್ಮ ಪಕ್ಕ ಕೂತಿದ್ದರು. ಈ ಬೆಲ್ಲಕ್ಕೆ ಯಾವ ದೇಶದ ಕಾಯದೆ ಅನ್ವಯ ಎಂಬುದರ ಮೇಲೆ ಮುದಕವಿಯವರು ನಲವತ್ತೆರಡು ಪುಟದ ವಾದ ಬರೆದಿದ್ದರು. ಹನ್ನೆರಡನೆಯ ಪುಟಕ್ಕೆ ಬರುವಾಗ ಜಡ್ಜರ ಕಣ್ಣು ಮುಚ್ಚುತ್ತಿತ್ತು. ಹೊರಗೆ ಬಿಸಿಲು ಕಾದ ಹೆಂಚು.

ಆಗ ತುಂಗಕ್ಕ ಒಳಗಿನಿಂದ ಬಂದರು. ಒಂದು ಕೈಯಲ್ಲಿ ತಂಬಿಗೆ ನೀರು, ಇನ್ನೊಂದರಲ್ಲಿ ತಟ್ಟೆ ತುಂಬ ಬೆಲ್ಲದ ಚೂರು. ಬಿಸಿಲಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುವುದು ಅವರ ಮನೆಯಲ್ಲಿ ವೈರಿಗೂ ತಪ್ಪದ ಮರ್ಯಾದೆ. ಜಡ್ಜರು ಒಂದು ಚೂರು ಬಾಯಿಗಿಟ್ಟರು, ಕಣ್ಣು ತೆರೆಯಿತು. ಕಾಯ್ತಾನ್ ಒಂದು ತಿಂದ, ಎರಡು ತಿಂದ, ನಾಲ್ಕನೆಯದಕ್ಕೆ ಕೈಚಾಚಿ, ಬೆಳಗಾವಿ ಪೇಟೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದ: “ಅವ್ವಾರ, ಭಾಳ ಚಲೋ ಬೆಲ್ಲ ಅದರೀ! ಇಂಥಾದು ಕಳ್ಸಿದ್ರ ನಾ ಯಾಕ ಜಗಳಾ ಮಾಡ್ತಿದ್ದೆ?”

ತಟ್ಟೆ ನನ್ನ ಮುಂದೆ ಬಂತು. ಒಂದು ಚೂರಿನ ಮೇಲೆ ಬಸವನ ಅರ್ಧ ಮೂತಿ, ಅದರ ಪಕ್ಕದಲ್ಲಿ ಕೆಂಪು ಅರಗಿನ ಒಂದು ತುಣುಕು.

ಅದು ನಾನೇ ಕಪಾಟಿನಲ್ಲಿಟ್ಟ ಡಬ್ಬಿಯ ಬೆಲ್ಲ. ಸುಮ್ಮನಿರಲೇ? ಮಧ್ಯಾಹ್ನ ಡಬ್ಬಿ ಕೇಳುತ್ತಾರೆ. ಆಗ ಸಾಕ್ಷ್ಯ ನಾಶಮಾಡಿದ ಕಳಂಕ ವಿರೂಪಾಕ್ಷಪ್ಪನವರಿಗೆ ಅಂಟುತ್ತದೆ, ಬಸವ ಮಣ್ಣುಪಾಲಾಗುತ್ತಾನೆ. ಹೇಳಿದರೆ ನನ್ನ ವಕೀಲಿಯೇ ಮಣ್ಣುಪಾಲು. ಎದ್ದು ನಿಂತೆ. “ಮೈ ಲಾರ್ಡ್, ನೀವು ಈಗ ತಿಂದದ್ದು ಎಕ್ಸಿಬಿಟ್ ‘ಎ’. ತಪ್ಪು ನನ್ನದು.”

ಜಡ್ಜರು ಅಗಿಯುವುದನ್ನು ನಿಲ್ಲಿಸಿದರು. ಸಾಹೇಬರ ಕೈಯಿಂದ ನಲವತ್ತೆರಡು ಪುಟಗಳೂ ಜಾರಿ ನೆಲಕ್ಕೆ ಬಿದ್ದವು. ಗೋವೆಯ ವಕೀಲ ಮೇಜು ಗುದ್ದಿ, ಇದು ಬೇರೆ ಬೆಲ್ಲ, ಮೋಸ ಎಂದು ಕೂಗಿದ. ಜಡ್ಜರು ತುಂಗಕ್ಕನನ್ನು ವಿಚಾರಿಸಲು ಹೇಳಿದರು, ನಾನೇ ದುಭಾಷಿ.

“ಮನ್ಯಾಗಿನ ಬೆಲ್ಲ ತೀರಿತ್ರೀ. ಹುಡುಕಿದ್ರ ಹಿಂದ ಈ ಡಬ್ಬಿ ಸಿಕ್ತು. ಬಸವಣ್ಣನ ಮುದ್ರಿ ಕಂಡು ವಿರೂಪಾಕ್ಷಪ್ಪ ಕೊಟ್ಟಿರಬೇಕಂತ ತಿಳದೆ. ಅರಗು ಭಾಳ ಗಟ್ಟಿ ಇತ್ತು, ಒರಳಗುಂಡಿಲೆ ಒಡದೆ.”

“ನೀರು ಮಾತ್ರ ಕೊಡಬಹುದಿತ್ತಲ್ಲ?” ಎಂದು ಗೋವೆಯ ವಕೀಲ ಕೆಣಕಿದ.

“ಬರೇ ನೀರು ಕೊಡ್ಲಿಕ್ಕೆ ಇದೇನು ಸಾವಿನ ಮನಿಯೇನ್ರೀ?”

ಡಬ್ಬಿ ಬಂತು. ಒಳಗೆ ಮುಟ್ಟದ ಇನ್ನೊಂದು ಅಚ್ಚು, ಮುಚ್ಚಳದ ಮೇಲೆ ಕಾಯ್ತಾನ್‌ನದೇ ಸಹಿಯ ಚೀಟಿ. ಅರಗಿನ ತುಣುಕುಗಳನ್ನು ಜೋಡಿಸಿದರೆ ಅವನ ಉಂಗುರದ ಗುರುತು ಪೂರ್ತಿ ಮೂಡಿತು. ಜಡ್ಜರು ಮೀಸೆ ಒರೆಸಿಕೊಂಡು, “ನಾನೂ ತಿಂದು ಸಾಕ್ಷಿಯಾಗಿಬಿಟ್ಟೆ, ಇನ್ನು ತೀರ್ಪು ಕೊಡಲಾರೆ. ನೀವಿಬ್ಬರೇ ರಾಜಿಯಾಗಬೇಕು,” ಎಂದರು.

ಕಾಯ್ತಾನ್ ಹೊಟ್ಟೆ ಕುಣಿಯುವಂತೆ ನಕ್ಕ. “ಪ್ಯಾಟ್ಯಾಗ ಧಾರಣಿ ಬಿದ್ದು ನನಗ ಲುಕ್ಸಾನಿತ್ರೀ, ಅದಕ್ಕ ತಪ್ಪು ಬೆಲ್ಲದ ಮ್ಯಾಲೆ ಹಾಕಿದೆ. ಹೊಟ್ಟ್ಯಾಗ ಹೋದ ಸಾಕ್ಷಿನ ಹ್ಯಾಂಗ ಸುಳ್ಳನ್ಲಿ?” ದೂರು ಹಿಂದಕ್ಕೆ ಹೋಯಿತು, ಮಾಲು ಮಡಗಾವಿಗೆ ಹೋಯಿತು. ವಿರೂಪಾಕ್ಷಪ್ಪ ಉಳಿದ ಅಚ್ಚನ್ನು ಎತ್ತಿ, ಬಸವನನ್ನು ಕಣ್ಣಿಗೊತ್ತಿಕೊಂಡು ಕೂಸಿನಂತೆ ಅತ್ತರು.

ಮುದಕವಿಯವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಉಳಿದ ಮೂವತ್ತು ಪುಟ ಓದಲಾಗಲಿಲ್ಲವೆಂದು ಒಂದು ವಾರ ಮಾತಾಡಲಿಲ್ಲ. ತುಂಗಕ್ಕನದು ಬೇರೆಯೇ ತಕರಾರು: “ಮೊದಲ ದಿನಾನೇ ಅವಗ ತಿನ್ನಿಸಿದ್ರ ಇಷ್ಟು ಕಾಗದ ಯಾಕ ಬೇಕಿತ್ತು?”

ಮಾಡಿದ ತಪ್ಪನ್ನು ಬಾಯಾರುವ ಮೊದಲೇ ಹೇಳಿಬಿಡಬೇಕು, ಅಡುಗೆಮನೆಗೂ ಕಾಯದೆ ತಿಳಿಸಬೇಕು ಎಂಬುದನ್ನು ನಾನು ಕಲಿತದ್ದು ಅಂದು. ಆಮೇಲೆ ನಾನು ವಕೀಲಿ ಮಾಡಿದಷ್ಟು ವರ್ಷವೂ ಎದುರು ಪಕ್ಷದವರು ಬಂದರೆ ಮೊದಲು ಬೆಲ್ಲ-ನೀರು ತರಿಸುತ್ತಿದ್ದೆ. ತಟ್ಟೆ ಅವರ ಮುಂದಿಡುವ ಮುನ್ನ ಒಳಗೆ ಹೋಗಿ ಬೆಲ್ಲ ಯಾವ ಡಬ್ಬಿಯದೆಂದು ಮಾತ್ರ ಒಮ್ಮೆ ನೋಡಿ ಬರುತ್ತಿದ್ದೆ.