ಗಿರಣಿ ಓಣಿಯ ಟೆಲಿಫೋನ್ ಅಕ್ಕಾರು

ಟೆಲಿಫೋನ್ ಅಕ್ಕಾರ ತುರುಬಿನಲ್ಲಿ ಹೂವಿನ ಬದಲು ಒಂದು ಟೆಸ್ಟರ್ ಇರುತ್ತಿತ್ತು. ಹಳದಿ ಹಿಡಿಕೆಯ, ತುದಿ ಸವೆದ ಸಣ್ಣ ಟೆಸ್ಟರ್. ಬೆಳ್ಳಗಿನ ಕೂದಲನ್ನು ಗಂಟು ಕಟ್ಟಿ ಅದನ್ನು ಅಡ್ಡಕ್ಕೆ ಚುಚ್ಚಿಕೊಂಡರೆ ಸಂಜೆಯವರೆಗೆ ತುರುಬು ಅಲುಗುತ್ತಿರಲಿಲ್ಲ. ಮದುವೆಗೆ ಕರೆದರೂ ಹಾಗೆಯೇ ಬರುವರು, ಸೀಮಂತಕ್ಕೆ ಕರೆದರೂ ಹಾಗೆಯೇ. ಯಾರಾದರೂ ನಕ್ಕರೆ, “ಕರೆಂಟ್ ಹೋದ್ರ ನಿಮ್ಮ ಮಲ್ಲಿಗಿ ಹೂವು ಹುಡುಕಿ ಕೊಡತೈತೇನ್ರಿ?” ಎಂದು ಅಲ್ಲಿಯೇ ಬಾಯಿ ಮುಚ್ಚಿಸುತ್ತಿದ್ದರು.

ಹಾನಗಲ್ಲಿನ ಗಿರಣಿ ಓಣಿಯಲ್ಲಿ ನಮ್ಮದರಿಂದ ಮೂರನೆಯ ಮನೆ ಅವರದು. ಟೆಲಿಫೋನ್ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಕುರ್ಚಿಯಲ್ಲಿ ಕೂತು ಬರೆದುಕೊಂಡಿದ್ದರೆ ಸಾಕಿತ್ತು. ಆದರೆ ಒಂದೇ ಮನೆಯ ದೂರು ಮೂರನೆಯ ಸಲ ಬಂದರೆ ಲೈನ್‌ಮನ್ನರ ಜೊತೆ ತಾವೂ ಹೊರಟು, ಕಂಬದಿಂದ ಕಂಬಕ್ಕೆ ತಂತಿ ನೋಡುತ್ತ ನಡೆಯುತ್ತಿದ್ದರಂತೆ. ಹೆಣ್ಣುಮಕ್ಕಳು ಏಣಿ ಹತ್ತುವುದೇ ಎಂದ ಸಾಹೇಬರ ಎದುರಿಗೇ ಕಚ್ಚೆ ಬಿಗಿದು ಹತ್ತಿದರಂತೆ. ಈ ಕಥೆಯನ್ನು ಹತ್ತು ಸಲವಾದರೂ ಕೇಳಿದ್ದೇನೆ. ಪ್ರತಿ ಸಲವೂ ಏಣಿಗೆ ಎರಡು ಮೆಟ್ಟಿಲು ಹೆಚ್ಚಾಗುತ್ತಿತ್ತು.

ಮದುವೆಯಾಗಿ ಹನ್ನೊಂದು ವರ್ಷ ಕಳೆದ ಮೇಲೆ ನನಗೊಂದು ಕೆಲಸ ಸಿಕ್ಕಿತು. ಗಣಿತದಲ್ಲಿ ಪದವಿ ಪಡೆದ ನಾನು ಅಲ್ಲಿಯವರೆಗೆ ಎಣಿಸಿದ್ದು ಬುಟ್ಟಿಯ ರೊಟ್ಟಿಗಳನ್ನು ಮಾತ್ರ. ಈಗ ದಿನಾ ಸಂಜೆ ನಾಲ್ಕರಿಂದ ಐದರವರೆಗೆ ಮನೆಯಿಂದಲೇ ಹತ್ತನೆಯ ತರಗತಿಯ ಮಕ್ಕಳಿಗೆ ಆನ್‌ಲೈನ್ ಪಾಠ. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಮೊದಲ ವಾರದಿಂದಲೇ ಪಾಠದ ನಡುವೆ ಇಂಟರ್ನೆಟ್ ಸಾಯತೊಡಗಿತು. ಐದು ನಿಮಿಷ ಬಿಟ್ಟು ತಾನಾಗಿಯೇ ಬರುತ್ತಿತ್ತು, ಅಷ್ಟರಲ್ಲಿ ಮಕ್ಕಳು ಚದುರಿ ಹೋಗಿರುತ್ತಿದ್ದರು.

ಕಂಪನಿಯವನು ಬೆಳಿಗ್ಗೆ ಬಂದು ನೋಡಿದ, ಎಲ್ಲ ಸರಿ ಇತ್ತು. ರೂಟರ್ ಬದಲಿಸಿದ. ಸಂಜೆ ಮತ್ತೆ ಹೋಯಿತು. ಎರಡನೆಯ ಸಲ ಬಂದವನು, “ನಿಮ್ಮ ಊರಾಗ ನೆಟ್ ಅಂದ್ರ ಇಷ್ಟರೀ” ಎಂದು ಕೈ ಝಾಡಿಸಿ ಹೋದ. ನನ್ನ ಯಜಮಾನರೂ ಹೂಂ ಎಂದರು. ಇಬ್ಬರ ಮೇಲೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಒಂದು ವಿಚಿತ್ರವಿತ್ತು. ಸೋಮವಾರ ಮಾತ್ರ ಪಾಠ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಅತ್ತೆಯವರಿಗೆ ಅಷ್ಟೇ ಸಾಕಾಯಿತು. ಸೋಮವಾರ ಶಿವನ ವಾರ, ಉಳಿದ ದಿನ ನಮ್ಮ ಭಕ್ತಿ ಸಾಲದು ಎಂದು ರೂಟರಿಗೆ ಮೂರೆಳೆ ವಿಭೂತಿ ಎಳೆದರು. ಹೇಳಲು ನಾಚಿಕೆಯಾಗುತ್ತದೆ, ಗಣಿತ ಓದಿದ ನಾನೂ ಒಂದು ವಾರ ಅದಕ್ಕೆ ಕೈ ಮುಗಿದೆ.

ಕರಿಬೇವು ಕೇಳಲು ಬಂದ ಟೆಲಿಫೋನ್ ಅಕ್ಕಾರು ಆ ವಿಭೂತಿಯನ್ನು ನೋಡಿ ನಗು ತಡೆಯದೆ ಕಟ್ಟೆಯ ಮೇಲೆ ಕೂತುಬಿಟ್ಟರು. “ಶಿವಗ ಇದೊಂದು ಕೆಲಸ ಬಾಕಿ ಇತ್ತು ನೋಡು!” ನಾನು ರೂಟರಿನ ತಂತಿ ಕಿತ್ತು ಮತ್ತೆ ಸಿಕ್ಕಿಸಲು ಹೋದರೆ ಕೈ ಹಿಡಿದರು. “ಮುಟ್ಟಬ್ಯಾಡ ತಂಗಿ. ಮೊದಲ ಬರಿ, ಆಮ್ಯಾಲೆ ಮುಟ್ಟು.” ಮನೆಯಿಂದ ಒಂದು ಉದ್ದನೆಯ ನೋಟ್‌ಬುಕ್ ತಂದುಕೊಟ್ಟರು. ಪ್ರತಿ ಸಲ ಹೋದಾಗ ಎಷ್ಟು ಹೊತ್ತಾಗಿತ್ತು, ಯಾವ ದೀಪ ಆರಿತು, ಮನೆಯಲ್ಲಿ ಮತ್ತು ಓಣಿಯಲ್ಲಿ ಆಗ ಏನು ನಡೆದಿತ್ತು, ಎಲ್ಲ ಬರೆಯಬೇಕು.

“ಓಣಿ ಸುದ್ದಿ ಯಾಕ್ರಿ ಅಕ್ಕಾರ?” ಎಂದೆ.

“ತಂತಿ ಓಣ್ಯಾಗ ಹಾಸಿ ಬಂದೈತಿ, ಆಕಾಶದಿಂದ ಇಳಿದಿಲ್ಲ.”

ಎರಡು ವಾರ ಬರೆದೆ. ಅಷ್ಟರಲ್ಲಿ ಪಾಠ ನಡೆಸುವ ಸಂಸ್ಥೆಯವರಿಂದ ಸಂದೇಶ ಬಂತು: ಇನ್ನೊಂದು ಸಲ ನಿಂತರೆ ಆ ತರಗತಿಯನ್ನು ಬೇರೆಯವರಿಗೆ ಕೊಡುತ್ತೇವೆ. ಮರುದಿನ ಮಧ್ಯಾಹ್ನ ಮೂರೂವರೆಗೆ ನೋಟ್‌ಬುಕ್ ಹಿಡಿದು ಅಕ್ಕಾರನ್ನು ಮನೆಗೆ ಕರೆತಂದೆ.

ಅವರು ಬೆರಳಿಟ್ಟು ಓದಿದರು. “ಬರೇ ಕೆಂಪು ದೀಪ ಹತ್ತಿದ್ರ ಹೊರಗಿನ ತಂತಿ ಸತ್ತೈತಿ ಅಂತ ಅರ್ಥ. ಇಲ್ಲಿ ಎಲ್ಲಾ ದೀಪ ಒಮ್ಮಿಗೇ ಆರ್ಯಾವ. ಇದು ನೆಟ್ಟಿನ ರೋಗ ಅಲ್ಲ, ಕರೆಂಟಿನ ರೋಗ.” ಕರೆಂಟ್ ಹೋಗುವುದೇ ಇಲ್ಲವಲ್ಲ, ಪಡಸಾಲೆಯ ಟಿವಿ ನಡೆದೇ ಇರುತ್ತದಲ್ಲ ಎಂದೆ. “ಟಿವಿ ಇನ್ವರ್ಟರ್ ಮ್ಯಾಲೆ ಐತಿ. ಅದಕ್ಕ ಊರ ಸುದ್ದಿ ತಿಳಿಯೂದಿಲ್ಲ. ಇದನ್ನ ನೋಡು, ನೀನ ಬರದೀ, ‘ಫ್ಯಾನ್ ನಿಧಾನವಾಯಿತು.’ ನಾಕು ಸಲ ಬರದೀ.” ಆಮೇಲೆ ಕನ್ನಡಕದ ಮೇಲಿಂದ ನೋಡಿದರು. “ಸೋಮಾರ ದಿನ ಈ ಓಣ್ಯಾಗ ಯಾವ ಸದ್ದು ಇರೂದಿಲ್ಲ?”

ಗಿರಣಿ! ನಮ್ಮ ಗೋಡೆಗೆ ಹತ್ತಿಕೊಂಡೇ ಇರುವ ಹಿಟ್ಟಿನ ಗಿರಣಿ. ಆ ಸದ್ದು ಕಿವಿಗೆ ಎಷ್ಟು ಹಳತಾಗಿತ್ತೆಂದರೆ ಎರಡು ವಾರದಲ್ಲಿ ಒಮ್ಮೆಯೂ ಅದನ್ನು ಬರೆದಿರಲಿಲ್ಲ. ಸೋಮವಾರ ಬಸವಣ್ಣನ ವಾರವೆಂದು ನಮ್ಮ ಕಡೆ ಎತ್ತು ಹೂಡುವುದಿಲ್ಲ. ಗಿರಣಿಯ ಮಾಲೀಕ ಎತ್ತಿನ ರಜೆಯನ್ನು ತನ್ನ ಮೋಟರಿಗೂ ಕೊಟ್ಟಿದ್ದ. ಉಳಿದ ದಿನ ನಾಲ್ಕಕ್ಕೆ ಗಿರಣಿ ಶುರು. ಗೋದಿ ಮುಗಿದು ಜೋಳ ಹಾಕುವಾಗ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತಾರೆ. ಮೋಟರು ಚಾಲೂ ಆದಾಗಲೆಲ್ಲ ನಮ್ಮ ಮನೆಯ ಕರೆಂಟು ಒಂದು ಕ್ಷಣ ಕುಗ್ಗುತ್ತಿತ್ತು, ರೂಟರ್ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕಂಪನಿಯವನು ಬರುತ್ತಿದ್ದುದು ಬೆಳಿಗ್ಗೆ, ಗಿರಣಿಗೆ ಬೀಗವಿದ್ದಾಗ.

“ಇದಕ್ಕಂತನ ಸಣ್ಣ ಬ್ಯಾಟರಿ ಸಿಗತಾವ, ಹುಬ್ಬಳ್ಳಿಯಿಂದ ತರಸೂನು. ಇವತ್ತಿನ ಮಟ್ಟಿಗೆ ರೂಟರನ್ನ ಇನ್ವರ್ಟರಿಗೆ ಹಚ್ಚಬೇಕು. ಅದರ ಬ್ಯಾಟರಿ ಹಳೇದು, ಟಿವಿ ಜೋಡಿ ಹಾಕಿ ನಂಬಾಕ ಆಗೂದಿಲ್ಲ” ಎಂದರು ಅಕ್ಕಾರು.

ಇನ್ವರ್ಟರಿನ ಪ್ಲಗ್ ಇದ್ದದ್ದು ಒಂದೇ, ಟಿವಿಯ ಹಿಂದೆ. ಟಿವಿಯ ಮುಂದೆ ಮಾವನವರು. ಆಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಆ ಪ್ಲಗ್ಗನ್ನು ನಮ್ಮ ಮನೆಯ ಹೆಂಗಸರು ಕಸ ಹೊಡೆಯುವಾಗಲೂ ಮುಟ್ಟುತ್ತಿರಲಿಲ್ಲ. “ನೀವ ಒಂದು ಮಾತು ಹೇಳ್ರಿ ಅಕ್ಕಾರ” ಎಂದು ಪಿಸುಗುಟ್ಟಿದೆ.

ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು. “ಎಲ್ಲಿ ಕೆಟ್ಟೈತಿ ಅಂತ ತೋರಸೂದು ನನ್ನ ಕೆಲಸ. ಕೀಳೂದು ನಿಂದು.”

ಕಿತ್ತೆ. ಟಿವಿ ಕಪ್ಪಾಯಿತು. ಅಕ್ಕಿ ಆರಿಸುತ್ತಿದ್ದ ಅತ್ತೆಯವರ ಕೈ ನಿಂತಿತು. “ಯಾರು ತಗದಾರ?” ಎಂದರು ಮಾವನವರು.

“ನಾನ ತಗದೇನ್ರೀ ಮಾವಾರ. ನಾಕಕ್ಕ ನನಗ ಕೆಲಸ ಐತಿ. ಐದಕ್ಕ ಟಿವಿ ಹಚ್ಚಿ ಕೊಡತೇನಿ.”

ರೂಟರಿನ ತಂತಿಯನ್ನು ಅದೇ ಪ್ಲಗ್ಗಿಗೆ ಸಿಕ್ಕಿಸಿದೆ. ತಪ್ಪು ಮಾಡಿದೆ ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಮಾವನವರು ಒಂದು ಗಂಟೆ ಆ ಕಪ್ಪು ಟಿವಿಯನ್ನೇ ನೋಡುತ್ತ ಕೂತರು. ಗಿರಣಿ ಮೂರು ಸಲ ನಿಂತು ಶುರುವಾಯಿತು. ನನ್ನ ಪಾಠ ನಿಲ್ಲಲಿಲ್ಲ.

ಮುಂದೆ ಕಂಪನಿಯವನು ಬಿಲ್ಲಿಗೆ ಬಂದಾಗ ಅಕ್ಕಾರು ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು, ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿಸಿದರು. “ನಮ್ಮ ಊರಾಗ ಇಷ್ಟ ಅಂತ ಇನ್ನೊಮ್ಮೆ ಯಾರ ಮನ್ಯಾಗೂ ಅನಬ್ಯಾಡಪಾ” ಎಂದರು. ಅವನು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

ಕಳೆದ ವರ್ಷ ಅಕ್ಕಾರು ತೀರಿಕೊಂಡರು. ಅದಕ್ಕೆ ಸ್ವಲ್ಪ ದಿನ ಮೊದಲು ಟೆಸ್ಟರನ್ನು ನನ್ನ ಕೈಗೆ ಕೊಟ್ಟು, “ಕೂದಲೆಲ್ಲಾ ಉದರ್ಯಾವ ತಂಗಿ, ತುರುಬು ನಿಲ್ಲವಲ್ದು. ನೀ ಇಟಗೋ” ಎಂದಿದ್ದರು. ಅವರನ್ನು ಮಣ್ಣು ಮಾಡಿದ ದಿನ ಬುಧವಾರ. ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ, ಪಾಠದ ಕೋಣೆಯ ಬಾಗಿಲು ತೆಗೆದೆ. ಅತ್ತೆಯವರು ಕಣ್ಣೊರೆಸಿಕೊಂಡು, “ಇವತ್ತೊಂದಿನ ಬಿಡವಾ, ಮಂದಿ ಏನಂದಾರು?” ಎಂದರು.

“ಅನ್ನಲಿ ಬಿಡ್ರಿ ಅತ್ತಿ.”

ಒದ್ದೆ ಕೂದಲನ್ನು ಗಂಟು ಕಟ್ಟಿ ಟೆಸ್ಟರನ್ನು ಅಡ್ಡಕ್ಕೆ ಚುಚ್ಚಿಕೊಂಡೆ. ಗಿರಣಿ ಎಂದಿನಂತೆ ನಾಲ್ಕಕ್ಕೆ ಶುರುವಾಯಿತು. ತಲೆಯ ಮೇಲೆ ಫ್ಯಾನ್ ನಿಧಾನವಾಯಿತು, ಹುಬ್ಬಳ್ಳಿಯಿಂದ ತರಿಸಿದ ಬ್ಯಾಟರಿಯ ಮೇಲೆ ರೂಟರಿನ ದೀಪಗಳು ಹಾಗೆಯೇ ಉರಿದವು. ಗಿರಣಿಯ ಸದ್ದಿಗಿಂತ ದನಿ ಏರಿಸಿ, ಮಕ್ಕಳೇ, ನೋಟ್‌ಬುಕ್ ತೆಗೀರಿ, ಮೊದಲು ಬರೀರಿ ಎಂದೆ.