ತಟ್ಟೆ ನೋಡಿ ಊರು ಹೇಳುವವರು

ಐವತ್ತರ ದಶಕದಲ್ಲಿ ಪರೇಲಿನ ಉಡುಪಿ ಹೋಟೆಲೊಂದರಲ್ಲಿ ಇಡ್ಲಿ ಬಡಿಸುತ್ತಿದ್ದ ಭಟ್ಟರು, ಗಿರಾಕಿ ತಿನ್ನುವ ರೀತಿ ನೋಡಿಯೇ ಅವನು ಎಲ್ಲಿಯವನೆಂದು ಹೇಳುತ್ತಿದ್ದರು. ಚಟ್ನಿಗೆ ಸಕ್ಕರೆ ಬೆರೆಸಿದವನು ಗುಜರಾತಿ, ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿದವನು ಮದ್ರಾಸಿನವನು. "ಮುಂಬಯಿಗೆ ನೂರು ನಾಲಿಗೆ ಮಾರಾಯ್ರೆ, ನಮ್ಮೂರಿಗೆ ಒಂದೇ," ಎನ್ನುವರು. ಒಮ್ಮೆ ತಪ್ಪಿದರೂ ಈ ಆಟ ಬಿಡುತ್ತೇನೆಂದು, ದಿನವೂ ಅಲ್ಲಿ ತಿನ್ನುತ್ತಿದ್ದ ನಮ್ಮೆದುರು ಪಣ ತೊಟ್ಟಿದ್ದರು. ತಪ್ಪಿದ್ದು ಒಂದೇ ಸಲವೆಂದು ನನ್ನ ನೆನಪು. ಉಳಿದದ್ದನ್ನು ನಾನೇ ಮರೆತಿರಬಹುದು.

ಅಂದು ಮಿಲ್ ಕೆಲಸಗಾರನೊಬ್ಬ ಸಾಂಬಾರಿನ ಬಟ್ಟಲನ್ನು ಪಕ್ಕಕ್ಕೆ ತಳ್ಳಿ, ಇಡ್ಲಿಯನ್ನು ಚಹಾದಲ್ಲಿ ಅದ್ದಿ ತಿಂದ. ಭಟ್ಟರು ಅವನಿಗೆ ಎರಡು ಸುತ್ತು ಬಂದು, "ಬಂಗಾಳಿ," ಎಂದರು.

ಅವನು ನಕ್ಕ. "ಊರಲ್ಲಿ ನಿಮ್ಮ ಮನೆ ಹಿಂದೆ ನೀರು ಹರಿಯುವ ತೋಡು ದಾಟಿದ್ರೆ ನಮ್ಮನೆ, ಭಟ್ರೆ. ನಮ್ಮಲ್ಲಿ ಇಡ್ಲಿಗೆ ಮೀನಿನ ಸಾರು. ಇಲ್ಲಿ ಅದು ಇಲ್ಲ ಅಲ್ವಾ, ಅದಕ್ಕೆ ಚಾ."

"ಹಾಗೆ ತಿನ್ನುವುದನ್ನು ನಾನು ನೋಡಿಯೇ ಇಲ್ಲವಲ್ಲ?"

"ನೋಡ್ಲಿಕ್ಕೆ ನೀವು ನಮ್ಮಲ್ಲಿಗೆ ಬಂದದ್ದುಂಟಾ?"

ಪಣ ನೆನಪಿಸಲು ನಾವು ಬಾಯಿ ತೆರೆದಿದ್ದೆವು. ಭಟ್ಟರು ಕೈಯಲ್ಲಿದ್ದ ತಟ್ಟೆಗಳನ್ನು ನಮ್ಮ ಮೇಜಿನ ಮೇಲಿಟ್ಟು, ಗಲ್ಲಾಪೆಟ್ಟಿಗೆಯ ಬಳಿಯಿಂದ ಯಜಮಾನರು ಕೂಗುತ್ತಿದ್ದರೂ ಕೇಳಿಸದವರಂತೆ ಅವನೆದುರು ಕುರ್ಚಿ ಎಳೆದು ಕೂತರು.

"ಆ ಸಾರಿಗೆ ಹುಳಿ ಎಂತದ್ದು ಹಾಕ್ತೀರಿ?" ಎಂದು ಮೆಲ್ಲಗೆ ಕೇಳಿದರು.