ಮಗ್ಗದ ಸದ್ದು ಕೇಳುವ ತನಕ

ಅಕ್ಕೋರ ಕತ್ತು ಎಡಕ್ಕೆ ವಾಲಿತ್ತು. ಹುಟ್ಟಿನಿಂದಲ್ಲ. ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿ, ಎರಡೂ ಕೈ ಕೀಬೋರ್ಡಿನ ಮೇಲಿಟ್ಟು ಮಾತಾಡಿದ ವರ್ಷಗಳು ಹಾಗೆ ವಾಲಿಸಿದ್ದವು. ಅರ್ಧ ಬನಹಟ್ಟಿಯನ್ನು ಅಣಕಿಸುವ ನಾನು ಆ ಕತ್ತನ್ನೂ ಬಿಟ್ಟಿರಲಿಲ್ಲ. ಒಮ್ಮೆ ಸಿಕ್ಕಿಬಿದ್ದೆ. "ಇನ್ನಷ್ಟು ವಾಲಸಲೇ, ಇಷ್ಟಕ್ಕ ಫೋನ್ ಬೀಳತೈತಿ" ಎಂದು ತಿದ್ದಿದರು.

ನನಗೆ ಕಂಪ್ಯೂಟರ್ ಕಲಿಸಿದವರು, ಆಮೇಲೆ ಕೆಲಸ ಕೊಟ್ಟವರು. ಸೀರೆಯ ದಡಿಗೆ ಚಿತ್ತಾರ ಬಿಡಿಸಿ ಮಗ್ಗಕ್ಕೆ ಕಳಿಸುವ ಸಾಫ್ಟ್‌ವೇರನ್ನು ಅವರೇ ಬರೆದಿದ್ದರು. ರಬಕವಿ, ತೇರದಾಳ, ಮುಧೋಳದ ನೇಕಾರರು ಅದನ್ನು ಹಾಕಿಸಿಕೊಂಡಿದ್ದರು. ಏನಾದರೂ ಕೆಟ್ಟರೆ ಶೆಡ್ಡಿನ ಎಲ್ಲ ಮಗ್ಗ ನಿಲ್ಲಿಸಿ ಅಕ್ಕೋರಿಗೆ ಫೋನ್ ಮಾಡುತ್ತಿದ್ದರು. ಇಲ್ಲದಿದ್ದರೆ ಆ ಸದ್ದಿನಲ್ಲಿ ಫೋನಿನ ಮಾತು ಕಿವಿಗೆ ಬೀಳಬೇಕಲ್ಲ. ಹೇಳಿಕೊಟ್ಟ ಮೇಲೂ ಅಕ್ಕೋರು ಫೋನ್ ಇಡುತ್ತಿರಲಿಲ್ಲ. "ಮಗ್ಗದ ಸದ್ದು ಕೇಳೂತನಕ ನಂಬಬಾರ್ದು" ಎನ್ನುತ್ತಿದ್ದರು.

ಅವರ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಆಪರೇಶನ್ ಆದರೆ ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಅಕ್ಕೋರು ನನ್ನನ್ನು ಎದುರಿಗೆ ಕೂರಿಸಿಕೊಂಡರು. "ನಾ ಫೋನಿನ್ಯಾಗ ಹೇಳೂದೆಲ್ಲಾ ಬರದ ಇಡೂಣು. ಹೆಂಗ ಇಟ್ರ ಮಂದಿಗೆ ಲಗೂನ ಸಿಗತೈತಿ, ಅದನ್ನ ಮೊದಲ ನೋಡು." ದನಿ ಆಗಲೇ ಒಡೆದಿತ್ತು.

ಮೊದಲು ದೊಡ್ಡದೊಂದು ಪಿಡಿಎಫ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಚೆಂದ, ನೇಕಾರರ ಮೊಬೈಲಿನಲ್ಲಿ ಇರುವೆಯ ಸಾಲು. ಒಂದು ವಾಕ್ಯ ಓದಲು ಪುಟವನ್ನು ಅತ್ತಿತ್ತ ಎಳೆದಾಡಬೇಕು. ಅಚ್ಚು ಹಾಕಿಸಿದರೆ ಎಣ್ಣೆ ಕೈಗೆ ಸಿಕ್ಕಿ ಹಾಳೆಗಳು ಅಂಟಿಕೊಂಡವು. ಆಗ ನನ್ನ ಜಾಣತನ ಎದ್ದಿತು: ವಿಡಿಯೋ. ನೇಕಾರರ ದನಿಯಲ್ಲಿ ನಾನೇ ಕೇಳಿದೆ, ಅಕ್ಕೋರ ದನಿಯಲ್ಲಿ ನಾನೇ ಹೇಳಿದೆ. ಚಹಾದಂಗಡಿಯಲ್ಲಿ ನೋಡಿದವರು ನಕ್ಕಿದ್ದೇ ನಕ್ಕಿದ್ದು.

ಅಕ್ಕೋರು ನಗಲಿಲ್ಲ. ರಬಕವಿಯ ಹಿರಿಯ ನೇಕಾರರೊಬ್ಬರ ಶೆಡ್ಡಿಗೆ ಕರೆದುಕೊಂಡು ಹೋದರು. ಒಂದು ಮಗ್ಗ ನಿಂತಿತ್ತು, ಉಳಿದವು ಓಡುತ್ತಿದ್ದವು. ಹಿರಿಯರು ನನ್ನ ವಿಡಿಯೋ ಹಚ್ಚಿ ಮೊಬೈಲನ್ನು ಕಿವಿಗೆ ಒತ್ತಿಕೊಂಡರು, ಮತ್ತೆ ಕಣ್ಣ ಮುಂದೆ ಹಿಡಿದರು. ಕೊನೆಗೆ ನನ್ನ ಕಿವಿಯ ಬಳಿ ಕೂಗಿದರು: "ತಮ್ಮಾ, ಬಾಯಿ ಕಾಣತೈತಿ, ಮಾತು ಕೇಳಸವಲ್ದು." ಅಕ್ಕೋರ ಮಾತಿಗಾದರೆ ಎಲ್ಲ ಮಗ್ಗ ನಿಲ್ಲಿಸುತ್ತಾರೆ, ನನ್ನ ಸೋಗಿಗೆ ಯಾಕೆ ನಿಲ್ಲಿಸಬೇಕು? ಮಗ್ಗಗಳ ನಡುವೆಯೇ ಬೆಳೆದ ನನಗೆ ಅವುಗಳ ಸದ್ದು ನೆನಪಾಗಿರಲಿಲ್ಲ.

ಆಮೇಲೆ ಒಂದೊಂದು ತೊಡಕಿಗೆ ಒಂದೊಂದು ಸಣ್ಣ ಪುಟ ಮಾಡಿದೆವು. ನೆಟ್ ಇಲ್ಲದಿದ್ದರೂ ಮೊಬೈಲಿನಲ್ಲಿ ತೆರೆದುಕೊಳ್ಳಬೇಕು. ಒಂದು ಚಿತ್ರ, ನಾಲ್ಕು ಸಾಲು. ತಲೆಬರಹಕ್ಕೆ ನಾನಿಟ್ಟಿದ್ದ ಸಾಫ್ಟ್‌ವೇರಿನ ಹೆಸರುಗಳನ್ನು ಅಕ್ಕೋರು ಅಳಿಸಿ, ನೇಕಾರರ ಕಣ್ಣಿಗೆ ಕಾಣುವುದನ್ನು ಬರೆದರು: 'ದಡಿ ಬಲಕ್ಕ ಸರದೈತಿ', 'ಹೂವು ಅರ್ಧಕ್ಕ ನಿಂತೈತಿ'.

ಅದೇ ಶೆಡ್ಡಿಗೆ ಮತ್ತೆ ಹೋದೆವು. ಅವತ್ತೂ ಒಂದು ಮಗ್ಗ ನಿಂತಿತ್ತು. ಸರಿಯಾದ ಪುಟ ಹುಡುಕಲು ಹಿರಿಯರು ತಡವರಿಸಿದಾಗ ಹೇಳಿಕೊಡಲು ನನ್ನ ನಾಲಿಗೆ ತುರಿಸಿತು. ಅಕ್ಕೋರು ನನ್ನ ಕೈ ಹಿಡಿದು ಸುಮ್ಮನಿರಿಸಿ, ಅವರ ಕಿವಿಯ ಬಳಿ ಬಾಗಿದರು: "ನಾ ಸತ್ತೇನಂತ ತಿಳಕೊಂಡ ಹುಡುಕ್ರಿ, ಕಾಕಾ." ಹಿರಿಯರು ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಹುಡುಕಿದರು, ಸಿಕ್ಕಿತು. ಮಗ್ಗ ಓಡಿತು. "ಮುಂದಿಂದು" ಎಂದರು ಅಕ್ಕೋರು, ಅಷ್ಟೇ.

ಆಪರೇಶನ್ನಿಗೆ ಹೋಗುವ ಮುನ್ನ ನನಗೆ ಹೇಳಿದ ಮಾತು: "ನಾ ಹೋದ ಮ್ಯಾಲೆ ನನ್ನಂಗ ದನಿ ತಗದು ಮಂದೀನ ರಮಸಬ್ಯಾಡ. ಆ ದನಿ ಹಾದಿನ ಕಾಯಕೋತ ಕುಂಡ್ರತಾರ, ಪುಟ ತಗಿಯೂದಿಲ್ಲ." ಆಮೇಲೆ ಅವರು ದನಿಯಿಲ್ಲದೆ ಒಂದು ಬೇಸಿಗೆ ಬದುಕಿದರು, ಹಾಸಿಗೆಯ ಮೇಲಿಂದಲೇ ಪುಟಗಳನ್ನು ತಿದ್ದುತ್ತ.

ಅವರು ಹೋದ ಮೇಲೆ ಅವರ ಫೋನು ನನ್ನ ಬಳಿ ಇದೆ. ಮೊನ್ನೆ ಅದೇ ಹಿರಿಯರು ಎಲ್ಲ ಮಗ್ಗ ನಿಲ್ಲಿಸಿ ಫೋನ್ ಮಾಡಿದ್ದರು. "ಪುಟ ಐತಿ, ಗೊತ್ತೈತಿ ನನಗ. ಒಮ್ಮೆ ಅಕ್ಕೋರ ಹಂಗ ಮಾತಾಡಲೇ ತಮ್ಮಾ."

ಅಕ್ಕೋರ ದನಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಪುಟ ತಗೀರಿ ಕಾಕಾ. ನಿಮಗ ಏನ್ ಕಾಣತೈತಿ, ಅದ ತಲೆಬರಹ ಹುಡುಕ್ರಿ" ಎಂದೆ, ನನ್ನದೇ ದನಿಯಲ್ಲಿ.

ನಾನು ಫೋನ್ ಇಡಲಿಲ್ಲ. ಕೊನೆಗೆ ಮಗ್ಗ ಶುರುವಾದ ಸದ್ದು ಕೇಳಿತು. ಆಗಲೇ ಗೊತ್ತಾದದ್ದು, ನನ್ನ ಕತ್ತು ಎಡಕ್ಕೆ ವಾಲಿತ್ತು. ಅಣಕಿಸಲು ಎದುರಿಗೆ ಯಾರೂ ಇರಲಿಲ್ಲ.